ಕರ್ಸರ್ ಕೇಳಿದ ಕೊಸರು

ಮೈಸೂರಿನ ನಮ್ಮ ಮನೆಯ ನಡುಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಎರಡು ಪರದೆ. ಎಡಕ್ಕೆ 14 ಇಂಚಿನ ಲ್ಯಾಪ್‌ಟಾಪು, ಬಲಕ್ಕೆ 24 ಇಂಚಿನ ಮಾನಿಟರು. ಮಗ ಎರಡಕ್ಕೂ ವೈರು ಜೋಡಿಸಿ, ಲಿನಕ್ಸ್ ಹಾಕಿಕೊಟ್ಟು, "ಅಪ್ಪಾ, ಇನ್ನು ಆರಾಮಾಗಿ ಪ್ರೂಫ್ ನೋಡಿ" ಎಂದು ಹೇಳಿ ಪುಣೆಗೆ ಹೊರಟ. ಆರಾಮವೂ ಅವನ ಜೊತೆಗೇ ರೈಲು ಹತ್ತಿತು.

ಚಿಕ್ಕ ಪರದೆಯಲ್ಲಿ ಅಕ್ಷರಗಳು ಸಾಸಿವೆ ಕಾಳು. ಓದುವಂತಾಗಲಿ ಎಂದು ಸೆಟ್ಟಿಂಗ್ಸಿಗೆ ಹೋಗಿ ಶೇಕಡಾ 200 ಒತ್ತಿದರೆ, ದೊಡ್ಡ ಪರದೆಯಲ್ಲಿ ಒಂದೊಂದು ಅಕ್ಷರವೂ ದಸರಾ ಆನೆ. ಮಗನಿಗೆ ಫೋನು ಮಾಡಿದೆ. ಅವನು ಅಲ್ಲಿಂದಲೇ ಒಂದು ಉದ್ದನೆಯ ಆಜ್ಞೆ ಬರೆಸಿದ. ಗಾತ್ರ ಸರಿಹೋಯಿತು, ಆದರೆ ದೊಡ್ಡ ಪರದೆಯ ಮೇಲೆ ಧನುರ್ಮಾಸದ ಮಂಜು ಕವಿಯಿತು. ಆ ಮಂಜಿನಲ್ಲೇ ಒಂದು ಸಂಘದ ಸ್ಮರಣ ಸಂಚಿಕೆಯ ಕರಡು ತಿದ್ದಿ ಕಳಿಸಿದೆ. 'ಧನಸಹಾಯ ಮಾಡಿದ ಮಹನೀಯರು' ಎಂದಿರಬೇಕಾದ ಪುಟ 'ದನಸಹಾಯ ಮಾಡಿದ ಮಹನೀಯರು' ಎಂದು ಅಚ್ಚಾಗಿ ಬಂತು. ಐದು ಸಾವಿರ ಕೊಟ್ಟಿದ್ದ ಹಿರಿಯರೊಬ್ಬರು ಫೋನು ಮಾಡಿ, "ನನ್ನ ಲೆಕ್ಕದಲ್ಲಿ ಎಷ್ಟು ದನ ಬರ್ಕೊಂಡಿದ್ದೀರಿ ಮೇಷ್ಟ್ರೇ?" ಎಂದರು.

ಆ ರಾತ್ರಿ ಹನ್ನೊಂದೂವರೆಗೆ ಮೌಸು ಹಿಡಿದು ಕೂತಿದ್ದೆ. ಎರಡು ಪರದೆಗಳ ಗಡಿಯಲ್ಲಿ ಬಾಣ ಗಕ್ಕನೆ ನಿಂತಿತು. ಎಷ್ಟು ತಳ್ಳಿದರೂ ಹೋಗದು. ಕೊನೆಗೆ ಅದೇ ಬಾಯಿ ಬಿಟ್ಟಿತು. ನಲವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ಅಭ್ಯಾಸ, ನಾನು ಪೆನ್ನು ತೆಗೆದೆ.

ನಾನು: ನಮಸ್ಕಾರ. ಓದುಗರಿಗೆ ತಮ್ಮ ಪರಿಚಯ ಹೇಳಿ.

ಕರ್ಸರ್: ದಿನವಿಡೀ ಜುಟ್ಟು ಹಿಡಿದು ಎಳೆದಾಡಿ ಈಗ ಪರಿಚಯ ಕೇಳ್ತೀರಲ್ಲ ಮೇಷ್ಟ್ರೇ! ಇರಲಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಅನ್ನೋ ಮಹಾನುಭಾವರು ತುಂಬಿದ ಸಭೆಗೆ ಮೌಸು ಹಿಡಿದು ತೋರಿಸಿದರು. ಆ ದಿನ ಪರದೆ ಮೇಲೆ ಓಡಾಡಿದವನು ನಾನೇ. ಆಗ ನನ್ನನ್ನು ಕರೀತಿದ್ದದ್ದು 'ಬಗ್' ಅಂತ. ಅಂದ್ರೆ ಹುಳ! ಹೆಸರು ಹುಳದ್ದಾದರೂ ಬೆನ್ನು ನೆಟ್ಟಗಿತ್ತು, ಸೀದಾ ಮೇಲಕ್ಕೆ ನೋಡ್ತಿದ್ದೆ. 1973ರಲ್ಲಿ ಜೆರಾಕ್ಸಿನವರ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಆಲ್ಟೋ ಅನ್ನೋ ಯಂತ್ರ ತಯಾರಾಯ್ತು. ಅಲ್ಲಿ 16 ಚುಕ್ಕೆ ಅಗಲ, 16 ಚುಕ್ಕೆ ಎತ್ತರದ ಗೂಡಿನಲ್ಲಿ ನನ್ನ ಸಂಸಾರ. ಅಷ್ಟು ಕಡಿಮೆ ಚುಕ್ಕೆಯಲ್ಲಿ ಓರೆ ಬಾಣವೇ ಚೆನ್ನಾಗಿ ಮೂಡೋದು ಅಂತ ಎಡಕ್ಕೆ ವಾಲಿಸಿದರು. ಈಗ ಚುಕ್ಕೆಗೆ ಬರ ಇಲ್ಲ. ಆದರೂ ಯಾರೂ ನನ್ನನ್ನು ನೆಟ್ಟಗೆ ನಿಲ್ಲಿಸಲಿಲ್ಲ. ತಾತ್ಕಾಲಿಕ ಆದೇಶದ ಆಯಸ್ಸು ಎಷ್ಟು ಅಂತ ಸರ್ಕಾರಿ ನೌಕರಿ ಮಾಡಿದ ನಿಮಗೆ ನಾನು ಹೇಳಬೇಕಾ?

ನಾನು: ಲಿನಕ್ಸ್ ಮನೆಗೆ ಬಂದದ್ದು ಯಾವಾಗ?

ಕರ್ಸರ್: ನಾನು ಬಂದದ್ದಲ್ಲ, ಲಿನಕ್ಸೇ ನಮ್ಮನೆಗೆ ಬಂದದ್ದು. ಪರದೆ, ಕಿಟಕಿ, ಮೌಸು ಎಲ್ಲ ನೋಡಿಕೊಳ್ಳೋ ನಮ್ಮ ಯಜಮಾನರ ಹೆಸರು ಎಕ್ಸ್. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದರು. ಅವರಿಗಿಂತ ಮುಂಚೆ ಡಬ್ಲ್ಯು ಅಂತ ಒಬ್ಬರಿದ್ದರು. ಡಬ್ಲ್ಯು ಆದಮೇಲೆ ಎಕ್ಸ್, ನಾಮಕರಣಕ್ಕೆ ಪುರೋಹಿತರನ್ನು ಕರೆಸೋ ಖರ್ಚೂ ಇಲ್ಲ. 1987ರ ಸೆಪ್ಟೆಂಬರಿನಲ್ಲಿ ಹನ್ನೊಂದನೇ ಅವತಾರ ಎತ್ತಿದರು. ದಶಾವತಾರಕ್ಕಿಂತ ಒಂದು ಹೆಚ್ಚು, ಅಲ್ಲಿಗೇ ಸಾಕು ಅಂದರು. ಲಿನಕ್ಸ್ ಕಣ್ಣು ಬಿಟ್ಟದ್ದೇ 1991ರಲ್ಲಿ. ಆ ಹೊತ್ತಿಗೆ ನಮ್ಮ ಯಜಮಾನರು ಜಗಲಿ ಮೇಲೆ ಕಾಲು ಚಾಚಿ ಕೂತಾಗಿತ್ತು. ಆ ಕಾಲದಲ್ಲಿ ಬೇರೆ ಏನೂ ಇಲ್ಲದೆ ಬರೀ ಎಕ್ಸ್ ಒಂದನ್ನೇ ಶುರುಮಾಡಿದರೆ ನನಗೆ ಬಾಣದ ವೇಷವೂ ಇರ್ತಿರಲಿಲ್ಲ, ದಪ್ಪ ಇಂಟು ಗುರುತು ಅಷ್ಟೆ. ತಪ್ಪು ಉತ್ತರದ ಮೇಲೆ ನೀವು ಕೆಂಪು ಶಾಯಿಯಲ್ಲಿ ಎಳೀತಿದ್ದಿರಲ್ಲ, ಅದೇ.

ನಾನು: ಅಂಥ ಅನುಭವಸ್ಥರಿಗೆ ಎರಡು ಪರದೆ ಸಂಭಾಳಿಸಲು ಬರುವುದಿಲ್ಲವೇ?

ಕರ್ಸರ್: ಬರುತ್ತೆ. ಮೊದಲು ಅವರು ಪಾಲು ಮಾಡಿ ಕೊಡ್ತಿದ್ದರು. ಪ್ರತಿ ಪರದೆಯೂ ಬೇರೆ ಮನೆ, ಬೇರೆ ಒಲೆ, ಅದಕ್ಕೆ ಅದರದೇ ಅಳತೆ. ಕೇಳೋಕೆ ಚೆಂದ. ಆದರೆ ಈ ಮನೆಯಲ್ಲಿ ತೆರೆದ ಕಿಟಕಿ ಆ ಮನೆಗೆ ಹೋಗೋ ಹಾಗಿಲ್ಲ. ಗೋಡೆ ದಾಟಿ ಹೋಗಿ ಬರ್ತಿದ್ದವನು ನಾನೊಬ್ಬನೇ, ಜಗಳವಾಡಿದ ದಾಯಾದಿಗಳ ನಡುವೆ ಕುಂಕುಮ ತಗೊಂಡು ಹೋಗೋ ಕೆಲಸದವನ ಹಾಗೆ. ಜನಕ್ಕೆ ಅದು ಹಿಡಿಸಲಿಲ್ಲ. ಕಿಟಕಿಯನ್ನು ಈ ಕಡೆಯಿಂದ ಆ ಕಡೆ ಎಳೀಬೇಕು ಅಂದರು. ಸರಿ, ಕ್ಸಿನೆರಾಮಾ ಅಂತ ಒಂದು ಏರ್ಪಾಟು ಬಂತು, ಆಮೇಲೆ 2007ರಲ್ಲಿ ರ್ಯಾಂಡ್ಆರ್ 1.2 ಬಂತು. ಗೋಡೆ ಒಡೆದು ಮತ್ತೆ ಒಟ್ಟು ಕುಟುಂಬ ಮಾಡಿದರು. ಎಷ್ಟು ಮಾನಿಟರು ತಂದರೂ ಎಲ್ಲ ಒಂದೇ ಹಜಾರ. ಹಜಾರ ಒಂದಾದ ಮೇಲೆ ಅಡುಗೆಯೂ ಒಂದೇ, ಉಪ್ಪು ಖಾರವೂ ಒಂದೇ. ಸಕ್ಕರೆ ಕಾಯಿಲೆಯ ತಾತನಿಗೂ ಅದೇ ಪಾಯಸ, ಹಲ್ಲು ಬರದ ಕೂಸಿಗೂ ಅದೇ ಚಕ್ಕುಲಿ.

ನಾನು: ಎಲ್ಲರಿಗೂ ಒಂದೇ ಅಳತೆ ಎನ್ನುವುದು ಸಮಾನತೆಯಲ್ಲವೇ? ಅದರಲ್ಲಿ ತಪ್ಪೇನು?

ಕರ್ಸರ್: ಸಂಜೆ ನಿಮ್ಮ ಬೀದಿಯಲ್ಲಿ ಹೂವಿನಮ್ಮ ಬರ್ತಾರಲ್ಲ, ಅವರ ಕೂಗು ನನಗೂ ಕೇಳಿಸುತ್ತೆ. ಮೊಳ ಇಪ್ಪತ್ತು ಅಂತಾರೆ. ಯಾರ ಮೊಳ? ಮೊಣಕೈಯಿಂದ ಬೆರಳ ತುದಿವರೆಗೆ ಅಳೆಯೋದು, ಕೈ ಉದ್ದ ಇದ್ದವರ ಮೊಳ ಉದ್ದ, ಗಿಡ್ಡ ಇದ್ದವರದ್ದು ಗಿಡ್ಡ. ಪಿಕ್ಸೆಲ್ ಅನ್ನೋದೂ ಮೊಳವೇ ಮೇಷ್ಟ್ರೇ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಅಡ್ಡ 2880, ಉದ್ದ 1800 ಚುಕ್ಕೆ ಇವೆ, ಇಂಚಿಗೆ ಸುಮಾರು 243 ಬೀಳುತ್ತೆ. ಮಾನಿಟರಿನಲ್ಲಿ ಅಡ್ಡ 1920, ಉದ್ದ 1080, ಇಂಚಿಗೆ 92. ಈಗ 96 ಚುಕ್ಕೆ ಅಗಲದ ಒಂದು ಐಕಾನು ತಗೊಳ್ಳಿ. ಬಲಗಡೆ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಅಗಲ ಕಾಣುತ್ತೆ, ಒಳ್ಳೆ ಕೋಡುಬಳೆ ಹಾಗೆ. ಅದನ್ನೇ ಎಡಕ್ಕೆ ಎಳೆದರೆ ಒಂದೇ ಸೆಂಟಿಮೀಟರು, ಕಡ್ಲೆಕಾಳು. ಎಣಿಕೆ ಎರಡು ಕಡೆಯೂ 96. ಎಣಿಕೆ ಸಮ ಆದರೆ ಅಳತೆಯೂ ಸಮ ಅಂದುಕೊಂಡರಲ್ಲ, ಈ ಮನೆಯ ಜಗಳಕ್ಕೆಲ್ಲ ಅದೇ ಮೂಲ.

ನಾನು: ಮಾನಿಟರೇ ತನ್ನ ನಿಜವಾದ ಗಾತ್ರ ಹೇಳಿಬಿಟ್ಟರೆ?

ಕರ್ಸರ್: ಹೇಳುತ್ತೆ! ಪ್ರತಿ ಮಾನಿಟರೂ ಜಾತಕ ಜೇಬಲ್ಲಿಟ್ಟುಕೊಂಡೇ ಬರೋದು. ಇಡಿಐಡಿ ಅಂತಾರೆ. ವೈರು ಚುಚ್ಚಿದ ಕೂಡಲೇ ಕುಲ ಗೋತ್ರ, ತಯಾರಾದ ವರ್ಷ, ಎಷ್ಟು ಸೆಂಟಿಮೀಟರು ಅಗಲ ಎತ್ತರ, ಎಲ್ಲ ಒಪ್ಪಿಸುತ್ತೆ. ತೊಂದರೆ ಏನು ಅಂದ್ರೆ ಜಾತಕದಲ್ಲಿ ಸುಳ್ಳೂ ಇರುತ್ತೆ. ಗೋಡೆ ತುಂಬೋ ಕೆಲವು ಟೀವಿಗಳು 'ನಾನು 16 ಸೆಂಟಿಮೀಟರು ಅಗಲ, 9 ಸೆಂಟಿಮೀಟರು ಎತ್ತರ' ಅಂತ ಹೇಳಿಕೊಂಡು ಬರ್ತವೆ. ಪಾಪ, 16ಕ್ಕೆ 9 ಅನ್ನೋ ಅನುಪಾತವನ್ನೇ ಅಳತೆ ಜಾಗದಲ್ಲಿ ಬರೆದುಬಿಟ್ಟಿರ್ತಾರೆ. ಅದನ್ನು ನಂಬಿದರೆ ಗೋಡೆಯಷ್ಟು ಪರದೆಗೆ ಬೆಂಕಿಪೊಟ್ಟಣದ ಲೆಕ್ಕ. ನಮ್ಮ ಯಜಮಾನರಿಗೆ ಬೇಜಾರಾಯ್ತು. ಯಾರ ಜಾತಕವೂ ಬೇಡ, ಯಾರು ಬಂದರೂ ಇಂಚಿಗೆ 96 ಅಂತ ಬರೆದುಕೊಳ್ಳಿ ಅಂದುಬಿಟ್ಟರು. ಈಗಲೂ ಅವರನ್ನು ಹೋಗಿ ಕೇಳಿ, 243 ಇರೋ ಪರದೆಗೂ 96, 92 ಇರೋ ಪರದೆಗೂ 96 ಅಂತಾರೆ. ಶಾಲೆಗೆ ಸೇರಿಸುವಾಗ ಇಡೀ ಊರಿನ ಮಕ್ಕಳಿಗೆಲ್ಲ ಜೂನ್ 1 ಅಂತ ಹುಟ್ಟಿದ ದಿನ ಬರೀತಿದ್ದಿರಲ್ಲ, ಹಾಗೆ.

ನಾನು: (ಕೆಮ್ಮಿ) ಆ ವಿಷಯ ಬೇಡ. ಮಗ ಬರೆಸಿದ ಆಜ್ಞೆಯಿಂದ ಗಾತ್ರವೇನೋ ಸರಿಹೋಯಿತಲ್ಲ?

ಕರ್ಸರ್: ಅದು ಎಕ್ಸ್‌ರ್ಯಾಂಡ್ಆರ್ ಅನ್ನೋ ಹಳೇ ಮದ್ದು. ಒಟ್ಟು ಕುಟುಂಬಕ್ಕೆ ಒಂದೇ ಖಾರ ತಾನೇ? ಎಲ್ಲರಿಗೂ ಖಾರ ಎರಡರಷ್ಟು ಹಾಕಿ, ತಡೆಯಲಾರದವರ ಎಲೆಗೆ ನೀರು ಹೊಯ್ಯೋದು. ಅಂದ್ರೆ ಎರಡು ಪರದೆಗೂ 200 ಶೇಕಡಾ ಹಾಕಿದರು. ಆಮೇಲೆ ಮಾನಿಟರಿಗೆ ಅದರ ಶಕ್ತಿಗೆ ಮೀರಿದ ಚಿತ್ರ ಬರೆಸಿದರು, ಅಡ್ಡ 3840, ಉದ್ದ 2160. ಅದನ್ನು ಹಿಂಡಿ 1920ಕ್ಕೆ 1080 ಜಾಗದಲ್ಲಿ ತುರುಕಿದರು. ಸುಮಾರು 83 ಲಕ್ಷ ಚುಕ್ಕೆ ಬರೆಯೋದು, 21 ಲಕ್ಷ ಚುಕ್ಕೆಗೆ ಇಳಿಸೋದು. ನಿಮ್ಮ ಲ್ಯಾಪ್‌ಟಾಪು ಅದಕ್ಕೇ ಜ್ವರ ಬಂದ ಹಾಗೆ ಬಿಸಿಯಾಗಿ ಫ್ಯಾನು ತಿರುಗಿಸ್ತಾ ಇರೋದು. ನಾಲ್ಕು ಚುಕ್ಕೆ ಸೇರಿ ಒಂದಾಗುವಾಗ ಕರಿಯೂ ಬಿಳಿಯೂ ಕಲೆತು ಬೂದಿ ಬಣ್ಣ. ಇಂಗ್ಲಿಷ್ ಅಕ್ಷರ ಹೇಗೋ ಬಚಾವಾಗುತ್ತೆ. ಕನ್ನಡದ್ದು ಹಾಗಲ್ಲ. ಧಕಾರಕ್ಕೂ ದಕಾರಕ್ಕೂ ಇರೋ ವ್ಯತ್ಯಾಸ ಬುಡದಲ್ಲಿ ಒಂದು ಸೀಳು. ಸೀಳು ಬೂದಿಯಾಯ್ತು, ಧನ ದನವಾಯ್ತು. ಮಸುಕು ಪರದೆ ಮೊದಲು ತೆಗೆಯೋದೇ ಮಹಾಪ್ರಾಣ ಮೇಷ್ಟ್ರೇ. ಕೆಳಗೆ ನೇತಾಡೋ ಒತ್ತಕ್ಷರಗಳ ಕಥೆಯಂತೂ ಕೇಳಲೇಬೇಡಿ. ರಾಷ್ಟ್ರದ ಟ ಒತ್ತು, ರ ಒತ್ತು ಎರಡೂ ಸೇರಿ ಒಂದು ಶಾಯಿ ಹನಿ. ಗುಬ್ಬಿ, ನವಿಲು ಅಂತ ಲಿನಕ್ಸಿನಲ್ಲಿ ಚೆಂದದ ಕನ್ನಡ ಫಾಂಟುಗಳಿವೆ. ಮಂಜಿನಲ್ಲಿ ನೋಡಿದರೆ ಗುಬ್ಬಿ ಸೊಳ್ಳೆಯಾಗಿರುತ್ತೆ.

ನಾನು: ಮಗ ಕೊನೆಗೆ "ವೇಲ್ಯಾಂಡಿಗೆ ಹೋಗಿಬಿಡಿ ಅಪ್ಪಾ" ಎಂದ. ಈ ವಯಸ್ಸಿನಲ್ಲಿ ಪಾಸ್‌ಪೋರ್ಟು ಎಲ್ಲಿಂದ ಮಾಡಿಸಲಿ?

ಕರ್ಸರ್: ನಿಮ್ಮ ತಪ್ಪೇನಿಲ್ಲ, ವೇಲ್ಯಾಂಡ್ ನಿಜವಾಗ್ಲೂ ಒಂದು ಊರು, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದೆ. ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಅನ್ನೋರು 2008ರಲ್ಲಿ ಹೊಸ ಮನೆಯ ಪಾಯ ತೋಡಿದರು. ಆ ಊರಿನ ದಾರಿಯಲ್ಲಿ ಹೋಗುವಾಗ ಅವರಿಗೆ ಯೋಚನೆ ಹೊಳೆಯಿತಂತೆ, ಊರಿನ ಹೆಸರನ್ನೇ ಇಟ್ಟರು. ಅಲ್ಲಿ ಒಟ್ಟು ಕುಟುಂಬದ ಒಗ್ಗಟ್ಟೂ ಉಂಟು, ಬೇರೆ ಅಡುಗೆಯೂ ಉಂಟು. ಕಿಟಕಿ ಯಾವ ಪರದೆಗೆ ಹೋಯ್ತೋ ಆ ಪರದೆಯ ಅಳತೆಯನ್ನು ಅದರ ಕಿವಿಯಲ್ಲಿ ಹೇಳ್ತಾರೆ. ಕಿಟಕಿ ಅದಕ್ಕೆ ತಕ್ಕ ಹಾಗೆ ತನ್ನ ಚಿತ್ರ ಬರೆದುಕೊಡುತ್ತೆ. ಒಂದೇ ಕಿಟಕಿ ಎರಡು ಪರದೆಗೂ ಅರ್ಧರ್ಧ ಚಾಚಿಕೊಂಡರೆ ಮಾತ್ರ ಚಿತ್ರ ಒಂದೇ ಅಳತೆಯದ್ದು, ಇನ್ನೊಂದು ಕಡೆ ಹಿಗ್ಗಿಸಿಯೋ ಕುಗ್ಗಿಸಿಯೋ ತೋರಿಸ್ತಾರೆ. ಎರಡು ದೋಣಿಯಲ್ಲಿ ಕಾಲಿಟ್ಟವರಿಗೆ ಯಾವ ಕಾನೂನೂ ಪೂರ್ತಿ ಸಹಾಯ ಮಾಡಲ್ಲ.

ನಾನು: ಅಲ್ಲಿಗೆ ಸಮಸ್ಯೆ ಮುಗಿಯಿತಲ್ಲ!

ಕರ್ಸರ್: ಮುಗೀತಿತ್ತು. ಆದರೆ ಹೊಸ ಮನೆಯಲ್ಲಿ ಕೊಸರು ಹಾಕೋ ಪದ್ಧತಿ ಇರಲಿಲ್ಲ. ಒಂದು ಮೊಳ, ಎರಡು ಮೊಳ, ಮೂರು ಮೊಳ. ಒಂದೂಕಾಲು ಕೇಳಿದರೆ ಬಾಗಿಲು ಮುಚ್ಚಿಕೊಳ್ತಿದ್ದರು. 100 ಶೇಕಡಾ ಅಂದ್ರೆ ಕಣ್ಣು ಕಿರಿದು ಮಾಡಿಕೊಂಡು ಓದೋದು, 200 ಅಂದ್ರೆ ಪರದೆಗೆ ನಾಲ್ಕೇ ಸಾಲು. ಬದುಕು ಇರೋದು ಇವೆರಡರ ಮಧ್ಯೆ ತಾನೇ? ಜನ 150 ಕೇಳಿದಾಗ ಸುತ್ತುದಾರಿ ಹಿಡಿದರು. 27 ಇಂಚಿನ ಫೋರ್-ಕೆ ಪರದೆಗೆ 150 ಬೇಕಾ? ಮೊದಲು 200ರ ಲೆಕ್ಕದಲ್ಲಿ 5120ಕ್ಕೆ 2880 ಚಿತ್ರ ಬರೆಯೋದು, ಅದನ್ನು 3840ಕ್ಕೆ 2160 ಆಗೋ ತನಕ ಕುಗ್ಗಿಸೋದು. ಎರಡು ಮೊಳ ಹೂವು ಕೊಂಡು ಅರ್ಧ ಮೊಳ ಉದುರಿಸಿಕೊಂಡು ಮನೆಗೆ ಬಂದ ಹಾಗೆ. ಲಿನಕ್ಸಿಗೆ ಡೆಸ್ಕ್‌ಟಾಪ್ ಕಟ್ಟಿಕೊಡೋ ಗ್ನೋಮ್ ಮನೆತನದವರು 2019ರಲ್ಲಿ, 3.32ನೇ ಆವೃತ್ತಿಯಲ್ಲಿ, ಈ ಏರ್ಪಾಟು ಕೊಟ್ಟರು. ಕೊಟ್ಟದ್ದನ್ನೂ 'ಪ್ರಾಯೋಗಿಕ' ಅಂತ ಚೀಟಿ ಅಂಟಿಸಿ ಅಟ್ಟದ ಮೇಲಿಟ್ಟರು. ಗೊತ್ತಿದ್ದವರು ಏಣಿ ಹಾಕಿ ಇಳಿಸಿಕೊಳ್ಳಬೇಕಿತ್ತು.

ನಾನು: ಮತ್ತೆ ಕೊಸರು ಬಂದದ್ದು ಯಾವಾಗ?

ಕರ್ಸರ್: 2022ರ ನವೆಂಬರಿನಲ್ಲಿ. ಅಂದ್ರೆ ಪಾಯ ತೋಡಿ ಹದಿನಾಲ್ಕು ವರ್ಷ, ರಾಮ ವನವಾಸ ಮುಗಿಸಿಕೊಂಡು ಬರೋಷ್ಟು ಕಾಲ. ಆಗ ಭಿನ್ನರಾಶಿಗೆ ಅಂತಲೇ ಒಂದು ಒಪ್ಪಂದ ಮಾಡಿಕೊಂಡರು. ಲೆಕ್ಕ ಬಹಳ ಸೊಗಸಾಗಿದೆ ಮೇಷ್ಟ್ರೇ, ನಿಮಗೆ ಇಷ್ಟವಾಗುತ್ತೆ. ದಶಮಾಂಶ ಕಳಿಸಲ್ಲ. ಒಂದನ್ನು 120 ಪಾಲು ಮಾಡ್ತಾರೆ. 125 ಶೇಕಡಾ ಅಂದ್ರೆ 150 ಪಾಲು, 150 ಅಂದ್ರೆ 180 ಪಾಲು, 175 ಅಂದ್ರೆ 210 ಪಾಲು. ಎರಡು, ಮೂರು, ನಾಲ್ಕು, ಐದು, ಆರು, ಎಂಟು, ಎಲ್ಲದರಿಂದಲೂ 120 ನಿಶ್ಶೇಷವಾಗಿ ಭಾಗ ಹೋಗುತ್ತೆ. 1957ರ ಏಪ್ರಿಲ್ 1ರವರೆಗೂ ನಿಮ್ಮ ರೂಪಾಯಿಗೆ ಹದಿನಾರಾಣೆ ಇತ್ತಲ್ಲ? ಅರ್ಧ, ಕಾಲು, ಅರೆಕಾಲು ಅಂತ ಸಂತೆಯಲ್ಲಿ ಬಾಯಲ್ಲೇ ಲೆಕ್ಕ ಆಗೋದು. ಹಾಗೆ ವೇಲ್ಯಾಂಡಿನ ರೂಪಾಯಿಗೆ 120 ಆಣೆ. ಡೆಸ್ಕ್‌ಟಾಪ್ ಕಟ್ಟೋ ಇನ್ನೊಂದು ಮನೆತನ, ಕೆಡಿಇಯವರು, 2023ರ ಫೆಬ್ರವರಿಯಲ್ಲಿ ತಮ್ಮ ಪ್ಲಾಸ್ಮಾ 5.27ರಲ್ಲಿ ಅದನ್ನು ಚಲಾವಣೆಗೆ ತಂದರು. ಈ ನಾಣ್ಯ ಗೊತ್ತಿರೋ ಅಪ್ಲಿಕೇಶನ್ನು ಎರಡು ಮೊಳ ಕಟ್ಟಿ ಉದುರಿಸಲ್ಲ, ಕೇಳಿದಷ್ಟೇ ಕಟ್ಟಿಕೊಡುತ್ತೆ. ಅಕ್ಷರ ಚೂಪಾಗಿ ಬರುತ್ತೆ.

ನಾನು: ಈ ನಾಣ್ಯ ಗೊತ್ತಿಲ್ಲದವರು?

ಕರ್ಸರ್: ಅವರೂ ಬೇಕಾದಷ್ಟು ಇದ್ದಾರೆ! ಹಳೇ ಅಪ್ಲಿಕೇಶನ್ನುಗಳಿಗೆ ಎಕ್ಸ್ ಯಜಮಾನರ ಭಾಷೆ ಬಿಟ್ಟರೆ ಬೇರೆ ಬರಲ್ಲ. ಅವರಿಗೋಸ್ಕರ ಹೊಸ ಮನೆಯ ಹಿತ್ತಿಲಲ್ಲಿ ಎಕ್ಸ್‌ವೇಲ್ಯಾಂಡ್ ಅಂತ ಒಂದು ಔಟ್‌ಹೌಸು ಕಟ್ಟಿದ್ದಾರೆ. ಅಲ್ಲಿ ಕೂತು ಅವು ಹಳೇ ಅಳತೆಯಲ್ಲೇ ಚಿಕ್ಕ ಚಿತ್ರ ಬರೀತವೆ, ಹೊಸ ಮನೆಯವರು ಅದನ್ನು ಹಿಗ್ಗಿಸಿ ಪರದೆಗೆ ಅಂಟಿಸ್ತಾರೆ. ಪಾಸ್‌ಪೋರ್ಟ್ ಸೈಜಿನ ಫೋಟೋವನ್ನು ಫ್ಲೆಕ್ಸು ಮಾಡಿಸಿದರೆ ಪುಢಾರಿಯ ಮೂಗು ಹೇಗೆ ಕಾಣುತ್ತೋ ಹಾಗೆ. ಈ ಮಂಜು ಓಡಿಸೋಕೆ ಬೇರೆ ಬೇರೆ ಮನೆತನದವರು ಬೇರೆ ಬೇರೆ ಮದ್ದು ಕೊಡ್ತಾರೆ. ಕೆಡಿಇಯವರು, ಹಳೇ ಅಪ್ಲಿಕೇಶನ್ನು ತಾನೇ ಅಳತೆ ನೋಡಿಕೊಳ್ಳಲಿ ಅಂತ ಬಿಡೋ ಒಂದು ಆಯ್ಕೆ ಇಟ್ಟಿದ್ದಾರೆ. ಗ್ನೋಮಿನವರು 2024ರಲ್ಲಿ, 47ನೇ ಆವೃತ್ತಿಯಲ್ಲಿ, ಅಂಥದ್ದನ್ನೇ ಕೊಟ್ಟರು. ಎಲ್ಲಿಟ್ಟರು ಹೇಳಿ?

ನಾನು: ಅಟ್ಟದ ಮೇಲೆ?

ಕರ್ಸರ್: ಭೇಷ್! ಚೀಟಿ ಸಮೇತ. ಇಷ್ಟು ಸಾಲದು ಅಂತ ಕಿಟಕಿ, ಬಟನ್ನು ಮಾಡೋ ಬಡಗಿಗಳಲ್ಲೇ ಎರಡು ಕುಲ, ಜಿಟಿಕೆ ಮತ್ತು ಕ್ಯೂಟಿ. ಎಕ್ಸ್ ಮನೆಯಲ್ಲಿ ಜಿಟಿಕೆಯವರಿಗೆ ಅಳತೆ ಹೇಳೋಕೆ ಒಂದು ಚೀಟಿ, ಅದರಲ್ಲಿ ಪೂರ್ಣಾಂಕ ಮಾತ್ರ. ಒಂದೂವರೆ ಬರೆದರೆ ನಡೆಯಲ್ಲ. ಕ್ಯೂಟಿಯವರಿಗೆ ಇನ್ನೊಂದು ಚೀಟಿ, ಅವರು ಒಂದೂವರೆಗೂ ಒಪ್ಪುತ್ತಾರೆ, ಪರದೆಗೊಂದು ಅಳತೆ ಬರೆದರೂ ಒಪ್ಪುತ್ತಾರೆ. ಹಾಗಾಗಿ ಒಂದೇ ಪರದೆಯ ಮೇಲೆ ಅಕ್ಕಪಕ್ಕದ ಎರಡು ಕಿಟಕಿಗಳ ಮೆನು ಒಂದು ಗುಲಗಂಜಿ, ಒಂದು ಗುಂಡುಕಲ್ಲು.

ನಾನು: ಇದರಲ್ಲಿ ನಿಮಗೆ ಸ್ವಂತದ ನೋವೇನಾದರೂ ಇದೆಯೇ?

ಕರ್ಸರ್: (ಸ್ವಲ್ಪ ಹೊತ್ತು ಮಿನುಗಿ) ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ನನ್ನ ಸಹಜ ಅಳತೆ 24. ಎಕ್ಸ್ ಮನೆಯಲ್ಲಿ 24 ಚುಕ್ಕೆ ಉಟ್ಟುಕೊಂಡು ನಿಮ್ಮ ಮಾನಿಟರಿನಲ್ಲಿ ಗಂಡಸಿನ ಹಾಗೆ ಓಡಾಡ್ತಿದ್ದೆ, ಗಡಿ ದಾಟಿ ಲ್ಯಾಪ್‌ಟಾಪಿಗೆ ಬಂದ ಕೂಡಲೇ ಇರುವೆ. ನೀವು ಕನ್ನಡಕ ಮೇಲೆತ್ತಿ, 'ಎಲ್ಲಿ ಹಾಳಾಗಿ ಹೋಯ್ತು' ಅಂತ ಮೌಸನ್ನು ಮೇಜಿಗೆ ಕುಟ್ಟುತ್ತಿದ್ದಿರಿ. ವೇಲ್ಯಾಂಡಿನಲ್ಲಾದರೂ ಮರ್ಯಾದೆ ಸಿಗುತ್ತೆ ಅಂದುಕೊಂಡರೆ, ಅಲ್ಲಿ ನಾನು ಯಾರ ಕಿಟಕಿ ಮೇಲೆ ನಿಂತಿದ್ದೇನೋ ಅವರೇ ನನಗೆ ಬಟ್ಟೆ ಹೊಲಿಸಬೇಕು ಅನ್ನೋ ನಿಯಮ. ಒಬ್ಬರ ಮನೆಗೆ ಹೋದರೆ ಅಂಗಿ ಮೊಣಕಾಲು ಮುಟ್ಟುತ್ತೆ, ಪಕ್ಕದ ಮನೆಗೆ ಹೋದರೆ ಗುಂಡಿಯೇ ಕೂಡಲ್ಲ. 2023ರಲ್ಲಿ ಒಂದು ಹೊಸ ಒಪ್ಪಂದ ಬಂತು. 'ಇಲ್ಲಿ ಬಾಣ ಬೇಕು, ಇಲ್ಲಿ ಕೈ ಬೇಕು' ಅಂತ ಅಪ್ಲಿಕೇಶನ್ನು ಹೆಸರು ಹೇಳಿದರೆ ಸಾಕು, ಅಳತೆ ನೋಡಿ ಹೊಲಿಸೋದು ಮನೆಯ ಯಜಮಾನರ ಕೆಲಸ. ಒಪ್ಪಿಕೊಂಡವರ ಮನೆಯಲ್ಲಿ ಮಾನವಾಗಿದ್ದೇನೆ. 2024ರ ಜೂನಿನಲ್ಲಿ ಬಂದ ಪ್ಲಾಸ್ಮಾ 6.1ರಲ್ಲಿ ಇನ್ನೊಂದು ಉಪಕಾರ ಮಾಡಿದ್ದಾರೆ. ನಾನು ಕಾಣದಿದ್ದರೆ ಮೌಸನ್ನು ಗಡಗಡ ಅಲ್ಲಾಡಿಸಿ, ದೊಡ್ಡದಾಗಿ ಉಬ್ಬಿ ನಿಲ್ತೀನಿ. ಯಕ್ಷಗಾನದ ರಾಕ್ಷಸ ವೇಷ ರಂಗಕ್ಕೆ ಬಂದ ಹಾಗೆ.

ನಾನು: ಪಕ್ಕದ ಮನೆಯ ಹುಡುಗ, "ಅಂಕಲ್, ಬೇರೆ ಲಿನಕ್ಸ್ ಡಿಸ್ಟ್ರೋ ಹಾಕಿ" ಎಂದ. ಅವನ ಗೆಳೆಯ, "ಎರಡನೇ ಮಾನಿಟರೇ ತೆಗೆದುಬಿಡಿ" ಎಂದ. ನೀವೇನು ಹೇಳುತ್ತೀರಿ?

ಕರ್ಸರ್: ಚಪ್ಪಲಿ ಕಚ್ಚುತ್ತೆ ಅಂದವನಿಗೆ ಊರು ಬಿಡು ಅಂದರಂತೆ. ನನ್ನ ಮಾತು ಕೇಳಿ. ಮೊದಲು ನೀವು ಯಾರ ಮನೆಯಲ್ಲಿದ್ದೀರಿ ಅಂತ ನೋಡಿಕೊಳ್ಳಿ. ಗ್ನೋಮ್ ಆದರೆ ಸೆಟ್ಟಿಂಗ್ಸಿನಲ್ಲಿ ಗಣಕದ ಪರಿಚಯ ಕೊಡೋ ಪುಟದಲ್ಲಿ ಎಕ್ಸ್ ಅಂತಲೋ ವೇಲ್ಯಾಂಡ್ ಅಂತಲೋ ಬರೆದಿರುತ್ತೆ. ಎಕ್ಸ್ ಆಗಿದ್ದರೆ ಲಾಗ್‌ಔಟ್ ಆಗಿ. ಪಾಸ್‌ವರ್ಡ್ ಕೇಳೋ ಪುಟದ ಮೂಲೆಯಲ್ಲಿ ಹಲ್ಲುಚಕ್ರದ ಗುರುತು ಇರುತ್ತೆ, ಒತ್ತಿ ವೇಲ್ಯಾಂಡ್ ಆರಿಸಿಕೊಳ್ಳಿ. ಒಳಗೆ ಬಂದು ಡಿಸ್‌ಪ್ಲೇ ಪುಟಕ್ಕೆ ಹೋದರೆ ಪರದೆಗೊಂದು ಅಳತೆ ಕೇಳ್ತಾರೆ. ಲ್ಯಾಪ್‌ಟಾಪಿಗೆ 200, ಮಾನಿಟರಿಗೆ 100. ನಿಮ್ಮ ಪರದೆಗಳಿಗೆ ಕೊಸರೂ ಬೇಕಾಗಿಲ್ಲ, ಪೂರ್ಣಾಂಕದಲ್ಲೇ ಮುಗೀತು. ಮುಂದೆ ಯಾವಾಗಲಾದರೂ ಹೊಸ ಮಾನಿಟರು ಕೊಂಡರೆ ಜಾತಕ ನೋಡಿ ಜೋಡಿ ಮಾಡಿ. 14 ಇಂಚಿನ 1920ಕ್ಕೆ 1080ರ ಲ್ಯಾಪ್‌ಟಾಪಿಗೆ ಇಂಚಿಗೆ 157 ಚುಕ್ಕೆ, 27 ಇಂಚಿನ ಫೋರ್-ಕೆ ಮಾನಿಟರಿಗೆ 163. ಗುಣ ಕೂಡಿ ಬಂದಿವೆ. ಇಬ್ಬರಿಗೂ ಒಂದೇ ಅಳತೆ ಸಾಕು, ಎಕ್ಸ್ ಮನೆಯಲ್ಲೂ ಜಗಳ ಇರಲ್ಲ.

ನಾನು: ಅಷ್ಟೆಲ್ಲ ಆದರೂ ಈ ಗಡಿಯಲ್ಲಿ ನೀವು ಗಕ್ಕನೆ ನಿಲ್ಲುವುದೇಕೆ?

ಕರ್ಸರ್: ಅದು ಅಳತೆ ಬೇರೆಯಾದ ಮೇಲೂ ಉಳಿಯೋ ಚಿಲ್ಲರೆ. ನಿಮ್ಮ ಲ್ಯಾಪ್‌ಟಾಪಿನ 1800 ಚುಕ್ಕೆ ಎತ್ತರ 200ರ ಲೆಕ್ಕದಲ್ಲಿ 900 ಆಯ್ತು. ಪಕ್ಕದ ಮಾನಿಟರಿನ ಎತ್ತರ 1080. ಹಾಗಾದರೆ 180ರಷ್ಟು ಕಡೆ ಮಾನಿಟರಿನ ಪಕ್ಕ ಏನೂ ಇಲ್ಲ, ಬರೀ ಗೋಡೆ. ಅಲ್ಲಿ ನನ್ನನ್ನು ತಳ್ಳಿದರೆ ನಾನೆಲ್ಲಿಗೆ ಹೋಗಲಿ? ಡಿಸ್‌ಪ್ಲೇ ಪುಟದಲ್ಲಿ ಎರಡು ಚೌಕ ಕಾಣುತ್ತಲ್ಲ, ಎಳೆದು ಮೇಜಿನ ಮೇಲೆ ಹೇಗಿವೆಯೋ ಹಾಗೆ ಹೊಂದಿಸಿ. ಗೋಡೆ ಹೋಗಲ್ಲ, ಆದರೆ ಬಾಗಿಲು ಎಲ್ಲಿದೆ ಅಂತ ನಿಮಗೂ ನನಗೂ ಗೊತ್ತಿರುತ್ತೆ.

ನಾನು: ಕೊನೆಯ ಪ್ರಶ್ನೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ವರ್ಷ ಬೇಕಾಯಿತೇಕೆ?

ಕರ್ಸರ್: ಆ ಕನ್ನಡಕ ಸ್ವಲ್ಪ ತೆಗೀರಿ. ಎಡಗಣ್ಣಿಗೆ ಎಷ್ಟು ನಂಬರು?

ನಾನು: ಒಂದೂಕಾಲು.

ಕರ್ಸರ್: ಬಲಗಣ್ಣಿಗೆ?

ನಾನು: ಎರಡು. ಕೆಳಗೆ ಓದೋದಕ್ಕೆ ಬೇರೆ.

ಕರ್ಸರ್: ಒಂದು ಮೂಗು, ಎರಡು ಕಣ್ಣು, ನಾಲ್ಕು ನಂಬರು. ಕನ್ನಡಕದ ಅಂಗಡಿಯವನು ಒಂದು ಸಲವಾದರೂ 'ಎರಡೂ ಕಣ್ಣಿಗೆ ಒಂದೇ ಗಾಜು ಹಾಕ್ತೀನಿ, ಸಮಾನತೆ ಇರಲಿ' ಅಂದನಾ? ಅವನು ಒಂದೊಂದು ಕಣ್ಣನ್ನೂ ಮುಚ್ಚಿ ಮುಚ್ಚಿ ಕೇಳ್ತಾನೆ, 'ಈಗ ಕಾಣುತ್ತಾ? ಈಗ?' ಅಂತ. ನಮ್ಮ ಯಜಮಾನರು ಹುಟ್ಟಿದ ಕಾಲಕ್ಕೆ ಎಲ್ಲ ಪರದೆಗಳ ಚುಕ್ಕೆಯೂ ಹೆಚ್ಚುಕಮ್ಮಿ ಒಂದೇ ದಪ್ಪ ಇದ್ದವು, ಕೇಳೋ ಅಗತ್ಯ ಬೀಳಲಿಲ್ಲ. ಆಮೇಲೆ ಚುಕ್ಕೆ ಸಣ್ಣದಾಗ್ತಾ ಹೋಯ್ತು, ಕೇಳೋ ಅಭ್ಯಾಸ ಇರಲಿಲ್ಲ. ಈಗ ಒಬ್ಬೊಬ್ಬರಾಗಿ ಹಳೇ ಮನೆ ಖಾಲಿ ಮಾಡ್ತಿದ್ದಾರೆ. 2025ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಲ್ಲಿ ಎಕ್ಸ್ ಯಜಮಾನರಿಗೆ ಕೋಣೆಯೇ ಇಲ್ಲ, ಔಟ್‌ಹೌಸು ಮಾತ್ರ. ನನಗೆ ಅವರ ಮೇಲೆ ಸಿಟ್ಟಿಲ್ಲ ಮೇಷ್ಟ್ರೇ. ಹನ್ನೊಂದನೇ ಅವತಾರದಿಂದ ಲೆಕ್ಕ ಹಾಕಿದರೂ ಮೂವತ್ತೆಂಟು ವರ್ಷ ಅನ್ನ ಹಾಕಿದ್ದಾರೆ. ಆದರೆ ಬಡಿಸುವಾಗ ಒಂದು ಸಲವಾದರೂ 'ಖಾರ ಹೆಚ್ಚಾಯ್ತಾ?' ಅಂತ ಕೇಳಬಹುದಿತ್ತು.

ಇಷ್ಟು ಹೇಳಿ ಬಾಣ ಗಡಿಯಿಂದ ಕೆಳಗಿಳಿದು, ಬಾಗಿಲು ಹುಡುಕಿಕೊಂಡು, ಎಡಗಡೆಗೆ ನಡೆದುಹೋಯಿತು.

ಮಾರನೆಯ ಬೆಳಿಗ್ಗೆ ಅದು ಹೇಳಿದಂತೆಯೇ ಮಾಡಿದೆ. ಎಡಕ್ಕೆ 200, ಬಲಕ್ಕೆ 100. ಮಂಜು ಹೋಯಿತು, ಲ್ಯಾಪ್‌ಟಾಪಿನ ಫ್ಯಾನು ಸುಮ್ಮನಾಯಿತು. ಸಂಘಕ್ಕೆ ತಿದ್ದೋಲೆ ಸಿದ್ಧಪಡಿಸಿದೆ: 'ದನಸಹಾಯ ಎಂಬುದನ್ನು ಧನಸಹಾಯ ಎಂದು ಓದಿಕೊಳ್ಳಬೇಕಾಗಿ ವಿನಂತಿ.' ಅದನ್ನು ಚಿಕ್ಕ ಪರದೆಯಲ್ಲಿ ಒಮ್ಮೆ, ದೊಡ್ಡ ಪರದೆಯಲ್ಲಿ ಒಮ್ಮೆ ಇಟ್ಟು ನೋಡಿದೆ. ಧಕಾರದ ಬುಡದ ಸೀಳು ಎರಡು ಕಡೆಯೂ ಕೂದಲೆಳೆಯಷ್ಟು ಸ್ಪಷ್ಟವಾಗಿತ್ತು.

ಸಂಜೆ ಬೀದಿಯಲ್ಲಿ ಕೂಗು ಕೇಳಿತು. ನಮ್ಮ ಮನೆಯವಳು ಗೇಟಿಗೆ ಹೋದಳು. ಹೊಸ ಹೂವಿನಮ್ಮ, ಎಳೆ ವಯಸ್ಸು, ಕೈ ಚಿಕ್ಕದು. ಮೊಣಕೈಯಿಂದ ಬೆರಳ ತುದಿಯವರೆಗೆ ಮಲ್ಲಿಗೆ ಹಿಡಿದು ಅಳೆದಳು.

"ಏನಮ್ಮ ಇದು ಮೊಳ? ನಿಮ್ಮತ್ತೆ ಬರ್ತಿದ್ದಾಗ ಇದಕ್ಕಿಂತ ಉದ್ದ ಇರ್ತಿತ್ತು."

"ಎಲ್ಲರ ಕೈಯೂ ಒಂದೇ ಇರ್ತದಾ ಅಕ್ಕಾ?" ಎನ್ನುತ್ತಾ ಆಕೆ ದಾರ ಕತ್ತರಿಸದೆ ಬೆರಳನ್ನು ಇನ್ನೂ ನಾಲ್ಕು ಮೊಗ್ಗು ಮುಂದಕ್ಕೆ ಸರಿಸಿದಳು. "ಅದಕ್ಕೇ ಅಲ್ವಾ ಕೊಸರು ಹಾಕೋದು."